ಅವರ ಗ್ಲೌಸು ನಮ್ಮ ಮೇಜಲ್ಲಿ

"ಚಿಕ್ಕಮ್ಮ, ಅವರು ಸ್ಟ್ರೈಕ್ ಶುರು ಮಾಡ್ಬಿಟ್ಟಿದಾರೆ. ನಮಗೋಸ್ಕರ. ನಿನ್ನೆ ಬೆಳಿಗ್ಗೆಯಿಂದ."

"ಯಾರೇ?"

"ಗುಂಗುರಕ್ಕನ ಫ್ಯಾಕ್ಟ್ರಿಯವರು. ಮೆಸೇಜು ಈಗ ನೋಡಿದೆ. ಎಲ್ಲರೂ ಗೇಟಿನ ಹೊರಗೆ ಕೂತಿದಾರೆ, ನೋಡು."

ಗ್ಲೌಸು ಫ್ಯಾಕ್ಟ್ರಿಯಲ್ಲಿ ಕೈ ತೊಳೆಯೋ ನಲ್ಲಿ ಹತ್ತಿರ ಗಿಣಿ ಫೋನನ್ನ ಚಿಕ್ಕಮ್ಮನ ಮೂಗಿಗೇ ಹಿಡಿದ್ಲು. ಹೆಂಗಸರು ಸಾಲಾಗಿ ಕೂತಿದ್ರು. ಮಧ್ಯದಲ್ಲಿ ರಟ್ಟಿನ ಮೇಲೆ ಚಿಕ್ಕಮ್ಮನ ಮುಖ, ಬಾಗಿಲಷ್ಟು ದೊಡ್ಡದು.

"ಥೂ, ಈ ಫೋಟೋನೇ ಸಿಕ್ತಾ ಅವರಿಗೆ? ಅರ್ಧ ಕಣ್ಣು ಮುಚ್ಚಿದೀನಿ" ಅಂದ್ಲು ಚಿಕ್ಕಮ್ಮ. ಆಮೇಲೆ ವಿಷಯ ತಲೆಗೆ ಹೋಯ್ತು. "ನಮ್ದು ನಿನ್ನೆ ಸಂಜೇನೇ ಮುಗೀತಲ್ಲೇ."

ಮುಗಿದಿದ್ದೇನೋ ನಿಜ. ಯೂನಿಯನ್ ಕಟ್ಟಿದ್ದಕ್ಕೆ ಚಿಕ್ಕಮ್ಮನನ್ನ ಕೆಲಸದಿಂದ ತೆಗೆದಿದ್ರು. ಅದಕ್ಕೆ ಪ್ಯಾಕಿಂಗಿನವರೆಲ್ಲ ಸ್ಟ್ರೈಕ್ ಮಾಡಿ ಹೊರಗೆ ಕೂತಿದ್ರು. ವಾರಗಟ್ಟಲೆ ಕಿವಿಗೇ ಹಾಕ್ಕೊಳ್ಳದ ಕಂಪನಿ ನಿನ್ನೆ ಸಂಜೆ ಇದ್ದಕ್ಕಿದ್ದ ಹಾಗೆ ಬೆಣ್ಣೆ ಥರ ಕರಗಿ, ಅವಳನ್ನ ವಾಪಸ್ ತಗೊಂಡಿತ್ತು. ಷರತ್ತು ಒಂದೇ. ಈ ವರ್ಷ ಮತ್ತೆ ಸ್ಟ್ರೈಕ್ ಅಂದ್ರೆ ಮೊದಲು ಹೋಗೋದು ಚಿಕ್ಕಮ್ಮನ ಕೆಲಸ.

ಗುಂಗುರಕ್ಕ ಅಂದ್ರೆ ಗುಂಗುರು ಕೂದಲಿನ ಹೆಂಗಸು. ಅದೇ ಕಂಪನಿಗೆ ಸಮುದ್ರದಾಚೆ ಇನ್ನೊಂದು ಫ್ಯಾಕ್ಟ್ರಿ ಇದೆ, ಅಲ್ಲಿಯವಳು. ಗಿಣಿಗೂ ಅವಳಿಗೂ ಫೋನಲ್ಲಿ ದೋಸ್ತಿ. ಇವಳ ಮಾತನ್ನ ಅವಳ ಭಾಷೆಗೆ, ಅವಳ ಮಾತನ್ನ ಇವಳ ಭಾಷೆಗೆ ಫೋನೇ ತಿರುಗಿಸಿ ಕೊಡ್ತಿತ್ತು.

"ಮುಗೀತು ಅಂತ ಅವರಿಗೆ ಹೇಳಿಲ್ವಾ?" ಅಂದ್ಲು ಚಿಕ್ಕಮ್ಮ.

"ನೀನು ಹೇಳಿರ್ತೀಯ ಅನ್ಕೊಂಡೆ."

"ನನಗೆಲ್ಲಿ ಬರುತ್ತೆ ಆ ಫೋನಿನ ಆಟ? ನೀನು ಇಡೀ ಬೀದಿಗೆ ಕೂಗಿ ಹೇಳಿದೆ, ಹೇಳಬೇಕಾದವರನ್ನೇ ಬಿಟ್ಟೆಯಲ್ಲೇ ತಾಯಿ."

ಗಿಣಿ ಗಡಿಬಿಡಿಯಲ್ಲಿ ಬೆರಳು ಆಡಿಸಿದ್ಲು: ಗೆದ್ವಿ ಅಕ್ಕ, ನೀವೆಲ್ಲ ಒಳಗೆ ಹೋಗಿ. ಕಳಿಸಿ ಮೇಜಿಗೆ ಬಂದ್ರೆ ಸೂಪರ್‌ವೈಸರ್ ಚಪ್ಪಾಳೆ ತಟ್ತಿದ್ದ.

"ಬನ್ನಿ ಬನ್ನಿ, ಅರ್ಜೆಂಟ್ ಆರ್ಡರ್. ಇವತ್ತು ಎಲ್ಲರಿಗೂ ಓವರ್‌ಟೈಮ್."

ಮೇಜಿನ ತುಂಬ ಹಳದಿ ಅಂಚಿನ ರಬ್ಬರ್ ಗ್ಲೌಸು. ಇಲ್ಲಿ ಯಾವತ್ತೂ ನೀಲೀನೇ ಮಾಡೋದು. ಹಳದಿಯದನ್ನ ಗಿಣಿ ನೋಡಿದ್ದು ಗುಂಗುರಕ್ಕನ ಫೋಟೋಗಳಲ್ಲಿ ಮಾತ್ರ.

"ಚಿಕ್ಕಮ್ಮ, ಇದು ಅವರು ಮಾಡೋ ಮಾಲು, ರಾತ್ರಿ ಪಾಳಿಯವರ ಕೈಲಿ ಇಲ್ಲಿ ಮಾಡಿಸಿದಾರೆ. ಅಲ್ಲಿ ನಿಂತಿರೋ ಕೆಲಸಾನ ನಮ್ಮ ಕೈಯಲ್ಲಿ ಮಾಡಿಸ್ತಿದಾರೆ."

ಚಿಕ್ಕಮ್ಮ ಒಂದು ಗ್ಲೌಸು ಎತ್ತಿ ತಿರುಗಿಸಿ ನೋಡಿದ್ಲು. "ಅಂದ್ರೆ ನಿನ್ನೆ ನನ್ನ ಕರೆದಿದ್ದು ಇದಕ್ಕಾ? ನಾವು ಗೆದ್ದಿದ್ದಾ, ಇಲ್ಲ ಕಂಪನಿಗೆ ಕೆಲಸದ ಕೈ ಬೇಕಾಗಿದ್ದಾ?"

ಗಿಣಿ ಮನಸ್ಸಲ್ಲೇ ಲೆಕ್ಕ ಹಾಕಿದ್ಲು. ಅವರು ಕೆಲಸ ನಿಲ್ಲಿಸಿದ್ದಕ್ಕೇ ನಾವು ಗೆದ್ವಿ. ಗೆದ್ದಿದ್ದಕ್ಕೇ ಒಳಗೆ ಬಂದ್ವಿ. ಒಳಗೆ ಬಂದು ಅವರ ಹೊಟ್ಟೆ ಮೇಲೇ ಹೊಡೀತಿದೀವಿ. ನಿಲ್ಲಿಸಿದ್ರೆ ಚಿಕ್ಕಮ್ಮ ಮತ್ತೆ ಬೀದಿಗೆ. ಯಾವ ಕಡೆಯಿಂದ ಎಣಿಸಿದ್ರೂ ಲೆಕ್ಕ ತಪ್ಪಾಗೇ ಬರ್ತಿತ್ತು.

ಜೇಬಲ್ಲಿ ಫೋನ್ ಅಲುಗಾಡ್ತು. ಬಗ್ಗಿ ಮೇಜಿನ ಕೆಳಗೆ ಓದಿದ್ಲು: "ನೀವು ಗೆದ್ದಿದ್ದು ಕೇಳಿ ಇಲ್ಲಿ ಎಲ್ಲರೂ ಕುಣೀತಿದಾರೆ. ನಮ್ಮನ್ನ ಮಾತ್ರ ಒಳಗೆ ಬಿಡ್ತಿಲ್ಲ. ಕೂತವರನ್ನೆಲ್ಲ ತೆಗೀತಾರಂತೆ. ಪರವಾಗಿಲ್ಲ, ನಿಮ್ಮ ಚಿಕ್ಕಮ್ಮನಿಗೆ ಮುತ್ತು."

ಚಿಕ್ಕಮ್ಮ ಓದಿಸಿ ಕೇಳಿದ್ಲು. "ಇದೇನೇ ಇದು, ಬೈದಿದ್ರೇ ವಾಸಿ ಇತ್ತು."

"ಏನ್ ಬರೀಲಿ?"

"ತಡಿ ಕಣೆ." ಆಮೇಲೆ ಗ್ಲೌಸು ಕೆಳಗಿಟ್ಟು ಸೂಪರ್‌ವೈಸರ್‌ಗೆ ಕೇಳೋ ಹಾಗೆ ಅಂದ್ಲು, "ಸಾರ್, ಒಪ್ಪಂದದಲ್ಲಿ ಓವರ್‌ಟೈಮ್ ಮಾತು ಇಲ್ಲ. ಗಂಟೆ ಹೊಡೆದ ತಕ್ಷಣ ನಾನು ಮನೆಗೆ."

"ಇದೂ ಸ್ಟ್ರೈಕಾ?" ಅಂದ ಅವನು.

"ಅಲ್ಲಪ್ಪ, ಸೊಂಟ ನೋವು."

ನಗಬೇಕಾ ಬೇಡ್ವಾ ಅಂತ ಗೊತ್ತಾಗದೆ ಸಾಲಲ್ಲಿದ್ದ ಹೆಂಗಸರೆಲ್ಲ ಒಬ್ಬೊಬ್ಬರೇ ಸೊಂಟ ಹಿಡ್ಕೊಂಡ್ರು. ಆದ್ರೆ ಗಂಟೆ ಹೊಡೆಯೋವರೆಗೂ ಹಳದಿ ಗ್ಲೌಸು ಪ್ಯಾಕ್ ಆಗ್ತಾನೇ ಇತ್ತು, ಗಿಣಿ ಕೈಯಿಂದಲೂ.

ಗೇಟಿನ ಹತ್ತಿರ ಚಿಕ್ಕಮ್ಮ ಎಲ್ಲರನ್ನೂ ನಿಲ್ಲಿಸಿದ್ಲು. "ನಾಳೆ ಬೆಳಿಗ್ಗೆ ಒಳಗೆ ಹೋಗೋಕೆ ಮುಂಚೆ, ಇಲ್ಲೇ. ನನ್ನ ಕೆಲಸ ಹೋದ್ರೆ ಹೋಗ್ಲಿ, ಅವರಿಗೆ ಏನು ಮಾಡೋದು ಅಂತ ಮಾತಾಡೋಣ." ಗಿಣಿ ಕಡೆ ತಿರುಗಿ, "ಗುಂಗುರಕ್ಕನನ್ನೂ ಫೋನಲ್ಲಿ ಕರಿ. ಅವರ ಮಾಲು ಇಲ್ಲಿದೆ ಅಂತ ನಾನೇ ಹೇಳ್ತೀನಿ" ಅಂದ್ಲು.