ಅಂತರ ಅಂದರೆ ನಡುವೆ
ಗಂಡ ಇದ್ದಾಗ ಮನೆ ತುಂಬ ಮಾತಿತ್ತು. ಅವಳು ಬಟ್ಟೆ ಹೊಲಿಯುವವಳು; ಅವಳ ಭಾಷೆ ಮಾವನಿಗೆ ಬಾರದು, ಮಾವನ ಭಾಷೆ ಅವಳಿಗೆ ಬಾರದು. ಅಪ್ಪನ ಮಾತನ್ನು ಹೆಂಡತಿಗೂ ಹೆಂಡತಿಯ ಮಾತನ್ನು ಅಪ್ಪನಿಗೂ ದಾಟಿಸುತ್ತ, ನಡುವೆ ಒಂದಿಷ್ಟು ಉಪ್ಪುಖಾರ ಹಚ್ಚಿ ಇಬ್ಬರನ್ನೂ ನಗಿಸುತ್ತಿದ್ದವನು ಅವನೇ. ಅವನು ಜ್ವರ ಬಂದು ತೀರಿಕೊಂಡ ಮೇಲೆ ಊಟ, ನೀರು, ಔಷಧಿ ಎನ್ನುವ ಬಿಡಿ ಪದಗಳಲ್ಲೇ ಮನೆ ನಡೆಯತೊಡಗಿತು.

ಅದನ್ನಾದರೂ ಅವಳು ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಇನ್ನೊಂದಿತ್ತು. ಹೊಲಿಗೆ ಯಂತ್ರದ ಮುಂದೆ ಕೂತಾಗ ಅವಳಿಗೆ ಅಳು ಬಂತೆಂದರೆ ಸಾಕು, ಮಾವ ಎದ್ದು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮಗನನ್ನು ನುಂಗಿಕೊಂಡವಳು ಎಂಬ ಸಿಟ್ಟಿರಬೇಕು ಎಂದುಕೊಂಡು ಅವಳು ಒಳಗೊಳಗೇ ಕುಗ್ಗುತ್ತಿದ್ದಳು. ಆದರೂ ಅವರು ಒಬ್ಬರೇ ಕಣ್ಣೊರೆಸಿಕೊಳ್ಳುವುದು ಕಂಡರೆ ಹೋಗಿ ಪಕ್ಕದಲ್ಲಿ ಕೂತು ಏನೇನೋ ಸಮಾಧಾನ ಹೇಳುತ್ತಿದ್ದಳು. ಅವರು ಇನ್ನಷ್ಟು ಮುದುಡಿಕೊಳ್ಳುತ್ತಿದ್ದರು.

ಬಟ್ಟೆ ಹೊಲಿಸಲು ಬರುವವರಲ್ಲಿ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳಿದ್ದಳು. ಎರಡೂ ಭಾಷೆ ಬಲ್ಲವಳು. ತಾನು ಅಂತರಸಾಂಸ್ಕೃತಿಕ ಕುಟುಂಬಗಳ ಬಗ್ಗೆ ಓದುತ್ತಿದ್ದೇನೆ, ನಿಮ್ಮಿಬ್ಬರನ್ನೂ ಒಂದೆರಡು ಮಾತು ಕೇಳಬಹುದೇ ಎಂದು ಒಂದು ಮಧ್ಯಾಹ್ನ ಬಂದು ಕೂತಳು.

"ಅಷ್ಟುದ್ದದ ಪದಕ್ಕೆ ನನ್ನ ಟೇಪು ಸಾಲಲ್ಲಮ್ಮ. ಅಂತರ ಅಂದ್ರೆ ದೂರ ಅಲ್ವಾ?"

"ದೂರ ಅಂತಲೂ ಹೌದು, ನಡುವೆ ಅಂತಲೂ ಹೌದು ಅಕ್ಕ. ಇವರ ರೀತಿ, ಅವರ ರೀತಿ ಪಕ್ಕಪಕ್ಕ ಇಟ್ಟು ನೋಡೋದು. ಯಾವುದು ಮೇಲು ಅಂತ ಅಲ್ಲ, ಎಲ್ಲಿ ಬೇರೆ ಅಂತ."

ಮನೆಯಲ್ಲಿ ಒಬ್ಬರಿಗೆ ದುಃಖವಾದರೆ ಉಳಿದವರು ಏನು ಮಾಡುತ್ತೀರಿ ಎಂದು ಹುಡುಗಿ ಕೇಳಿದಳು. ಪಕ್ಕದಲ್ಲಿ ಕೂತು ಮಾತಾಡಿಸುತ್ತೇವೆ, ಒಂಟಿಯಾಗಿ ಬಿಡುವಷ್ಟು ಕಲ್ಲುಮನಸ್ಸು ನಮ್ಮ ಕಡೆಯವರದ್ದಲ್ಲ ಎಂದಳು ಅವಳು, ಮಾವನಿಗೆ ತಿಳಿಯಲಾರದೆಂಬ ಧೈರ್ಯದಲ್ಲಿ. ಹುಡುಗಿ ಕಲ್ಲುಮನಸ್ಸಿನ ಮಾತು ಬಿಟ್ಟು ಉಳಿದದ್ದನ್ನು ಅವರಿಗೆ ತಿಳಿಸಿ, ಅದೇ ಪ್ರಶ್ನೆ ಕೇಳಿದಳು. ಮಾವ ಬಡಗಿಯಾಗಿದ್ದವರು, ಮಾತಾಡುವ ಮೊದಲು ಕುರ್ಚಿಯ ಕೈಯನ್ನು ಸವರುತ್ತ ಕೂರುವುದು ಅವರ ರೂಢಿ. ಕೊನೆಗೆ ಮೆಲ್ಲಗೆ ಏನೋ ಹೇಳಿದರು.

"ಅಳೋರನ್ನ ನೋಡಬಾರದಂತೆ," ಎಂದಳು ಹುಡುಗಿ. "ಎದ್ದು ಹೋಗಿ ಜಾಗ ಬಿಡೋದೇ ಮರ್ಯಾದೆಯಂತೆ. ಸೊಸೆಗೆ ಆ ಮರ್ಯಾದೆ ಒಂದು ದಿನವೂ ತಪ್ಪಿಸಿಲ್ಲ, ಅವಳೇ ಯಾಕೋ ನನ್ನನ್ನ ನೆಮ್ಮದಿಯಾಗಿ ಅಳೋಕೆ ಬಿಡಲ್ಲ ಅಂತಾರೆ."

ಅವಳಿಗೆ ನಗು ಬಂತು, ಬೆನ್ನಿಗೇ ಅಳು. ಮಾವ ಅರ್ಧ ಎದ್ದು, ಏನು ಮಾಡಬೇಕೆಂದು ತೋಚದೆ ಹಾಗೇ ನಿಂತರು.

ಅಂದಿನಿಂದ ಅವರು ಕಣ್ಣೊರೆಸಿಕೊಳ್ಳುವಾಗ ಅವಳು ಹತ್ತಿರ ಹೋಗುವುದನ್ನು ಬಿಟ್ಟಳು. ಅದು ಸುಲಭವಾಗಿರಲಿಲ್ಲ, ಅಡುಗೆಮನೆಯಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಮಾವನಿಗೆ ಸಿಟ್ಟಿಲ್ಲವೆಂದು ಗೊತ್ತಾಗಿತ್ತು, ಮನೆ ಮಾತ್ರ ಇನ್ನಷ್ಟು ನಿಶ್ಶಬ್ದವಾಗಿತ್ತು.

ಒಂದು ಸಂಜೆ ಯಾರದೋ ಅಂಗಿಯ ತೋಳು ಹಚ್ಚುತ್ತ ಅವಳು ಅಳುತ್ತಿದ್ದಾಗ ಮಾವ ಸ್ಟೂಲು ಎಳೆದುಕೊಂಡು ಬಂದು ಎದುರು ಕೂತರು. ಎಲ್ಲೆಲ್ಲಿಂದಲೋ ಪದ ಹೊಂದಿಸಿಕೊಂಡು ಅವಳ ಭಾಷೆಯಲ್ಲೇ ಹೇಳಿದರು.

"ನೀನು ಮಾತಾಡು. ನನಗೆ ತಿಳಿಯಲ್ಲ. ಮಾತಾಡು."

ಅವಳು ತೋಳಿನ ಅಳತೆ ತಪ್ಪಿದ್ದು, ದಾರ ತುಂಡಾಗಿದ್ದು, ಗಂಡ ಕನಸಿಗೂ ಬಾರದಿರುವುದು, ಎಲ್ಲ ಹೇಳತೊಡಗಿದಳು. ಮಾವ ತಲೆ ತಗ್ಗಿಸಿ, ಹೂಂಗುಡಬಾರದ ಕಡೆಯೆಲ್ಲ ಹೂಂಗುಡುತ್ತ ಕೇಳಿದರು. ಆಮೇಲೆ ತಮಗೂ ಅಳು ಬಂದು, ತಡೆಯಲಾರದೆ ಎದ್ದು ಒಳಗೆ ಹೋದರು. ಅದು ಗೊತ್ತಾದರೂ ಅವಳು ಮಾತು ನಿಲ್ಲಿಸಲಿಲ್ಲ.