ನಾಲ್ಕನೇ ಬೇಡಿಕೆ

"ಸೊಂಟದ ಕೀಲು ಮುರದಾವೇನಬೇ ತಿಮ್ಮಿ? ಬಗ್ಗು! ಸಸಿ ಹಚ್ಚಾಕ ಕರದೀನೋ, ಮಾರಿ ನೋಡಾಕ ಕರದೀನೋ? ಹಾದರಗಿತ್ತಿ!"

ಬದುವಿನ ಮೇಲೆ ಛತ್ರಿ ಹಿಡಿದು ನಿಂತ ಗೌಡ ಬೈದ. ಮೊಣಕಾಲುಮಟ ಕೆಸರಿನಲ್ಲಿದ್ದ ತಿಮ್ಮವ್ವ ಒಂದು ಗಳಿಗೆ ಸೊಂಟ ನೆಟ್ಟಗೆ ಮಾಡಿದ್ದಳು, ಅಷ್ಟೇ. ಮತ್ತೆ ಬಗ್ಗಿದಳು. ಪಕ್ಕದ ಸಾಲಿನ ರೇಣಮ್ಮ, "ಇವ್ನ ಹೆಣ ಎತ್ಲಿ" ಎಂದಳು, ಗೌಡನಿಗೆ ಕೇಳದಷ್ಟು.

"ನಾಳಿ ಯಾರೂ ಗದ್ದಿಗೆ ಬರಬ್ಯಾಡ್ರಿ. ಭೀಮರಾಯನಗುಡಿ ಕ್ಯಾಂಪಿನ್ಯಾಗ ಒಕ್ಕೂಟದ ಸಭಾ ಐತಿ. ಟ್ರ್ಯಾಕ್ಟರ್ ಕಳಸ್ತೀನಿ. ಹೋಗಿ ಕುಂದ್ರೂದು, ಚಪ್ಪಾಳಿ ಹೊಡಿಯೂದು. ಬಾಯಿ ಬಿಟ್ರ ನೋಡ್ರಿ ಮತ್ತ."

ಆ ಸಭೆಗಾಗಿ ತಿಮ್ಮವ್ವ ನಾಲ್ಕು ತಿಂಗಳಿಂದ ಕಾದಿದ್ದಳು. ಅದಕ್ಕೆ ಗೌಡ ಯಾಕೆ ಟ್ರ್ಯಾಕ್ಟರ್ ಕಳಿಸುತ್ತಾನೆ ಎಂಬುದೇ ಅವಳಿಗೆ ತಿಳಿಯಲಿಲ್ಲ.

ಅವಳದು ಕಾಲುವೆಯ ತುದಿಯ ಎರಡೆಕರೆ. ಕಾಲುವೆ ತೋಡುವಾಗ ಅದರಲ್ಲೇ ಹತ್ತು ಗುಂಟೆ ಹೋಗಿತ್ತು. ಹದಿನೈದು ವರ್ಷದಲ್ಲಿ ನೀರು ಒಮ್ಮೆಯೂ ಬಂದಿರಲಿಲ್ಲ. ಜೋಳ, ತೊಗರಿ, ಶೇಂಗಾಕ್ಕೆಂದು ಮಾಡಿದ ಕಾಲುವೆಯಂತೆ. ಕಾಲುವೆಯ ಮೇಲ್ಭಾಗದ ಗೌಡರೆಲ್ಲ ನೆಲ್ಲೇ ಹಚ್ಚಿದರು, ನೀರೆಲ್ಲ ಅಲ್ಲೇ ಮುಗಿಯಿತು. ತನ್ನ ಹೊಲಕ್ಕೆ ಬರಬೇಕಾದ ನೀರಿನಲ್ಲೇ ನಿಂತು ಅವಳು ಕೂಲಿ ಮಾಡುತ್ತಿದ್ದಳು.

ಸಾಲಿ ಮಾಸ್ತರ ಖಂಡಪ್ಪ ಅವಳ ಕೇರಿಯವನೇ. ಶಹಾಪುರ, ಸುರಪುರದ ಹತ್ತಾರು ರೈತ ಸಂಘಗಳನ್ನು ಕೂಡಿಸಿ ಒಕ್ಕೂಟ ಕಟ್ಟಲು ಚಪ್ಪಲಿ ಸವೆಸಿದ್ದ. ಕೇರಿಗೆ ಬಂದು ಐದು ಬೇಡಿಕೆ ಓದಿದ್ದ. ರೇಷನ್ನಿನಲ್ಲಿ ಜೋಳ ಕೊಡಬೇಕು, ಆ ಜೋಳವನ್ನು ಇಲ್ಲಿಯ ರೈತರಿಂದಲೇ ಕೊಳ್ಳಬೇಕು, ಹೀಗೆ. ನಾಲ್ಕನೆಯದು, ಮೇಲಿನ ನೆಲ್ಲು ನಿಲ್ಲಿಸಿ ತುದಿಯ ಹೊಲಕ್ಕೆ ನೀರು ಬಿಡಬೇಕು.

"ಇದೊಂದು ಇನ್ನೊಮ್ಮಿ ಓದ್ರಿ ಮಾಸ್ತರ್ರ" ಎಂದು ಓದಿಸಿಕೊಂಡು ತಿಮ್ಮವ್ವ ಹೆಬ್ಬೆಟ್ಟು ಒತ್ತಿದ್ದಳು. ಇಡೀ ಕೇರಿಯೇ ಒತ್ತಿತ್ತು.

ಸಭೆಯಲ್ಲಿ ಮೇಜಿನ ನಡುವೆ ಬೆಂಗಳೂರಿನಿಂದ ಬಂದ ಸರಕಾರಿ ಸಾಹೇಬ. ಅವನ ಮಗ್ಗುಲಿಗೆ ಗೌಡ, ಕೊರಳಲ್ಲಿ ಹಸಿರು ಶಾಲು. ಈಗ ಅವನೇ ಒಕ್ಕೂಟದ ಗೌರವಾಧ್ಯಕ್ಷ. ಖಂಡಪ್ಪ ಎದ್ದು ಬೇಡಿಕೆ ಓದಿದ. ತಿಮ್ಮವ್ವ ಒಂದೊಂದಕ್ಕೂ ಬೆರಳು ಮಡಚಿದಳು. ನಾಲ್ಕಕ್ಕೇ ಮುಗಿಯಿತು. ನೀರಿನ ಮಾತೇ ಬರಲಿಲ್ಲ. ರೇಷನ್ನಿಗೆ ಜೋಳ ಕೊಡಲು ಸರಕಾರ ಒಪ್ಪಿದೆ ಎಂದ ಸಾಹೇಬ. ಚಪ್ಪಾಳೆ ಬಿತ್ತು.

ಕೆಳಗಿಳಿದ ಖಂಡಪ್ಪನ ಅಂಗಿ ಹಿಡಿದಳು. "ನಮ್ದೆಲ್ಲಿ ಹೋತ್ರಿ?"

"ಸುಮ್ಮ ಕುಂದ್ರು ಯವ್ವಾ. ಅದನ್ನ ತಗದ್ರನ ಸೈ ಮಾಡ್ತೀವಂದ್ರು ಗೌಡ್ರ ಮಂದಿ. ಅವ್ರಿಲ್ದ ಸರಕಾರ ನಮ್ಮ ಕಡಿ ಹೊಳ್ಳಿ ನೋಡಂಗಿಲ್ಲ. ಜ್ವಾಳನಾರ ಬರ್ತೈತಿ. ನೀರಿಂದು ಮುಂದಿನ ಸರ್ತಿ."

"ಜ್ವಾಳ ನಾನ ಬೆಳಿತಿದ್ನೆಲ್ರಿ, ನೀರು ಬಿಟ್ಟಿದ್ರ!"

ಖಂಡಪ್ಪ ಮೇಜಿನ ಮೇಲಿದ್ದ ಕಾಗದದ ಕಟ್ಟಿನ ಕಡೆ ಬೆರಳು ಮಾಡಿದ. ಐದು ಬೇಡಿಕೆಗೆ ಒತ್ತಿದ ಹೆಬ್ಬೆಟ್ಟಿನ ಹಾಳೆಗಳನ್ನೇ ನಾಲ್ಕರ ಕಾಗದಕ್ಕೆ ಲಗತ್ತಿಸಿ ಕೊಟ್ಟಾಗಿತ್ತು.

ತಿಮ್ಮವ್ವ ಸೀದಾ ಮೇಜಿನ ಮುಂದೆ ಹೋಗಿ ನಿಂತಳು. "ಸಾಹೇಬ್ರ, ನನ್ನ ಹೆಬ್ಬೆಟ್ಟು ನನಗ ತಿರಗಿ ಕೊಡ್ರಿ."

ಸಭೆ ಗೊಳ್ಳೆಂದಿತು. ಗೌಡ ಮೈಕನ್ನು ಕೈಯಿಂದ ಮುಚ್ಚಿ ಹಲ್ಲು ಕಡಿದ. "ಹೋಗಬೇ ಭೋಸುಡಿ! ನಾಳಿ ಗದ್ದ್ಯಾಗ ಕಾಲಿಟ್ರ ಕಾಲು ಕಡೀತೀನಿ."

ಸಾಹೇಬನಿಗೆ ಮೋಜೆನಿಸಿತು. ಹಾಳೆಗಳ ಕಟ್ಟು ಮುಂದೆ ಸರಿಸಿದ. "ತಗೋಮ್ಮ. ನಿನ್ನದು ಯಾವುದು, ತೋರಿಸು ನೋಡೋಣ."

ಹಾಳೆ ತಿರುವಿದಳು. ಮತ್ತೊಂದು ತಿರುವಿದಳು. ಸಾಲುಸಾಲು ನೀಲಿ ಮಚ್ಚೆ, ಎಲ್ಲ ಒಂದೇ ಥರ. ಹಿಂದೆ ನಗೆ ಏರಿತು.

"ಎಲ್ಲಾ ನಮ್ಮವ ಅದಾವ್ರಿ" ಎಂದಳು. ಕಟ್ಟು ಸುರುಳಿ ಸುತ್ತಿ ಹೊಟ್ಟೆಯ ಹತ್ತಿರ ಸೀರೆಗೆ ಸಿಗಿಸಿಕೊಂಡು ಅಲ್ಲೇ ನೆಲಕ್ಕೆ ಕುಂತಳು. "ನೀರಿನ ಮಾತು ಬರೀರಿ. ಆಮ್ಯಾಲ ಕೊಡ್ತೀನಿ."

ನಗೆ ನಿಂತಿತು. ಹೆಬ್ಬೆಟ್ಟಿನ ಹಾಳೆಗಳಿಲ್ಲದೆ ಒಕ್ಕೂಟದ ಕಾಗದಕ್ಕೆ ಬೆಲೆಯೇ ಇರಲಿಲ್ಲ. ಹೊರಗೆ ಟ್ರ್ಯಾಕ್ಟರ್ ಹಾರ್ನ್ ಹೊಡೆಯಿತು. "ಈಗ ಹತ್ತಿದವ್ರಿಗಷ್ಟ ನಾಳಿ ಕೆಲಸ" ಎಂದ ಗೌಡ. ಹೆಂಗಸರು ತಲೆ ತಗ್ಗಿಸಿ ಎದ್ದರು. ರೇಣಮ್ಮ ಬಾಗಿಲತನಕ ಹೋಗಿ ಚೌಕಟ್ಟು ಹಿಡಿದು ನಿಂತಳು. ಹೊರಗೆ ಹೋಗಲಿಲ್ಲ, ಒಳಗೂ ಬರಲಿಲ್ಲ.

"ಮಾಸ್ತರ, ನಿಮ್ಮ ಮಂದೀನ ಅಲ್ಲೇನು? ನೀವ ಇಸ್ಕೊಡ್ರಿ" ಎಂದ ಗೌಡ.

ಖಂಡಪ್ಪ ಬಂದು ಅವಳೆದುರು ಕುಕ್ಕರುಗಾಲಲ್ಲಿ ಕುಳಿತ. ಕೈ ಚಾಚಿದ. "ಕೊಡು ಯವ್ವಾ."

ತಿಮ್ಮವ್ವ ಎರಡೂ ಕೈಯಿಂದ ಹೊಟ್ಟೆ ಬಿಗಿಹಿಡಿದಳು. ಖಂಡಪ್ಪನ ಕೈ ಚಾಚಿದಂತೆಯೇ ಇತ್ತು.