ನಲವತ್ತು ಜನ ಸಾಕು

ಆಸ್ಪತ್ರೆಯ ಸಂಶೋಧನಾ ವಿಭಾಗವೆಂದರೆ ಎರಡು ಮೇಜು, ಒಂದು ಕಂಪ್ಯೂಟರು, ಪೂರ್ತಿ ಮುಚ್ಚಲಾಗದ ಒಂದು ಕಿಟಕಿ. ಅಲ್ಲಿ ಕೂತು ಲೆಕ್ಕ ಹಾಕುವುದು ತಮ್ಮನ ಕೆಲಸ. ಯಾವ ಡಾಕ್ಟರು ಯಾವ ಪ್ರಯೋಗ ಹೂಡಿದರೂ, ಅದಕ್ಕೆ ಎಷ್ಟು ಜನ ಬೇಕೆಂದು ಅವನು ಬರೆದು ಸಹಿ ಹಾಕದೆ ಕಡತ ಮುಂದೆ ಸರಿಯುತ್ತಿರಲಿಲ್ಲ. ಬಹುತೇಕರು ಬರುವಾಗಲೇ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದರು. ಆ ಉತ್ತರಕ್ಕೆ ಹೊಂದುವ ಲೆಕ್ಕವನ್ನು ಅವನು ಹುಡುಕಿಕೊಡಬೇಕಿತ್ತು.

ಅಕ್ಕ ಅದೇ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. ಅವಳೂ ಹಾಗೇ ಬಂದಳು.

"ನಲವತ್ತು ಜನ. ಅಷ್ಟೇ ಸಿಗೋದು. ನಲವತ್ತು ಸಾಕು ಅಂತ ಬರ್ಕೊಡು."

"ಕೂತ್ಕೋ ಮೊದಲು. ತರಕಾರಿ ಕೇಳ್ದಂಗೆ ಕೇಳ್ತೀಯಲ್ಲ."

ವಯಸ್ಸಾದವರು ಆಯತಪ್ಪಿ ಬೀಳದಂತೆ ಅವಳು ಕೆಳಗಿನ ಹಾಲಿನಲ್ಲಿ ವ್ಯಾಯಾಮದ ತರಗತಿ ನಡೆಸುತ್ತಿದ್ದಳು. ಆ ಹಾಲಿನ ಮೇಲೆ ಸ್ಕ್ಯಾನಿಂಗ್ ವಿಭಾಗದವರ ಕಣ್ಣು ಬಿದ್ದಿತ್ತು. ವ್ಯಾಯಾಮದಿಂದ ಉಪಯೋಗವಿದೆ ಎಂದು ಒಂದು ಅಧ್ಯಯನ ಮಾಡಿ ತೋರಿಸಿ, ಇಲ್ಲವಾದರೆ ಹಾಲು ಬಿಟ್ಟುಕೊಡಿ ಎಂದು ಮುಖ್ಯ ವೈದ್ಯರು ಹೇಳಿಬಿಟ್ಟಿದ್ದರು. ಅವಳ ಯೋಜನೆ ಸರಳವಾಗಿತ್ತು: ನಲವತ್ತು ಹೊಸಬರನ್ನು ಚೀಟಿ ಎತ್ತಿ ಎರಡು ಗುಂಪು ಮಾಡುವುದು, ಒಂದು ಗುಂಪಿಗೆ ವ್ಯಾಯಾಮ ಕಲಿಸುವುದು, ವರ್ಷದ ಕೊನೆಗೆ ಯಾವ ಗುಂಪಿನಲ್ಲಿ ಎಷ್ಟು ಜನ ಬಿದ್ದರೆಂದು ನೋಡುವುದು.

"ಸುಮ್ನೆ ಇದ್ದೋರಲ್ಲಿ ವರ್ಷಕ್ಕೆ ಎಷ್ಟು ಜನ ಬೀಳ್ತಾರೆ?"

"ನಮ್ಮಲ್ಲಿಗೆ ಬರೋಂಥವರಲ್ಲಿ ಅರ್ಧಕ್ಕರ್ಧ."

"ನಿನ್ನ ತರಗತಿಯವರಲ್ಲಿ?"

"ಹನ್ನೆರಡು ಜನದಲ್ಲಿ ಒಬ್ಬರು. ನೀನು ಬೇಕಾದ್ರೆ ಹತ್ತರಲ್ಲಿ ಒಬ್ಬರು ಅಂತ ಹಾಕ್ಕೋ, ನಾನು ಜಿಪುಣಿ ಅಲ್ಲ."

ಹತ್ತರಲ್ಲಿ ಐವರು ಬೀಳುವ ಕಡೆ ಒಬ್ಬರೇ ಬೀಳುತ್ತಾರೆಂದರೆ ವ್ಯತ್ಯಾಸ ದೊಡ್ಡದು. ದೊಡ್ಡದನ್ನು ಕಾಣಲು ಹೆಚ್ಚು ಜನ ಬೇಕಿಲ್ಲ. ಲೆಕ್ಕ ಮೂವತ್ತನಾಲ್ಕಕ್ಕೆ ಬಂತು. ಮಧ್ಯದಲ್ಲಿ ಬಿಟ್ಟುಹೋಗುವವರನ್ನು ಸೇರಿಸಿದರೆ ನಲವತ್ತು. ಅಕ್ಕ ಮೇಜು ಕುಟ್ಟಿ ನಕ್ಕಳು. ತಮ್ಮ ನಗಲಿಲ್ಲ. ಅವನ ಅನುಭವದಲ್ಲಿ ಲೆಕ್ಕ ಇಷ್ಟು ಸಲೀಸಾಗಿ ಕೂಡಿಬರುವುದು ಎಲ್ಲೋ ಏನೋ ಬಿಟ್ಟುಹೋದಾಗಲೇ.

"ನಾಳೆ ಒಂದ್ಸಲ ತರಗತಿ ನೋಡ್ತೀನಿ," ಎಂದ.

ಮರುದಿನ ಹಾಲಿನಲ್ಲಿ ಹನ್ನೆರಡು ಜನ ಕುರ್ಚಿಯ ಬೆನ್ನು ಹಿಡಿದು ಒಂಟಿಕಾಲಿನಲ್ಲಿ ನಿಂತಿದ್ದರು. ಎಲ್ಲರಿಗಿಂತ ಮುಂದೆ, ಕುರ್ಚಿ ಮುಟ್ಟದೆ ನಿಂತಿದ್ದವರು ಒಬ್ಬ ನಿವೃತ್ತ ಟೈಲರ್. ಎಲ್ಲರೂ ಅವರನ್ನು ಕೊಕ್ಕರೆ ಎಂದೇ ಕರೆಯುತ್ತಿದ್ದರು, ಅವರೂ ಅದಕ್ಕೆ ಬೀಗುತ್ತಿದ್ದರು.

"ಎಲ್ಲರೂ ಗಟ್ಟಿ ಇದಾರಲ್ಲ," ಎಂದ ತಮ್ಮ.

"ಮತ್ತೆ! ಬಿದ್ದವರಿಗೆ ಮುಖ ತೋರಿಸೋಕೆ ನಾಚಿಕೆ, ಬರೋದೇ ಬಿಟ್ಬಿಡ್ತಾರೆ. ಉಳಿದೋರು ನೋಡು, ಕಂಬ ಇದ್ದಂಗೆ."

ತಮ್ಮ ಅವಳ ಮುಖವನ್ನೇ ನೋಡಿದ. ತಾನು ಏನು ಹೇಳಿದೆ ಎಂಬುದು ಅವಳಿಗೆ ಇನ್ನೂ ಹೊಳೆದಿರಲಿಲ್ಲ.

"ಬಿಟ್ಟವರು ಎಷ್ಟು ಜನ, ಅಕ್ಕ?"

ಅವಳು ಹಾಜರಿ ಪುಸ್ತಕ ತಿರುವಿ ಎಣಿಸಿದಳು. ಏಳು ಜನ. ಅವರಿಗೆಲ್ಲ ಫೋನು ಮಾಡುವ ಕೆಲಸವನ್ನು ಅವಳೇ ವಹಿಸಿಕೊಂಡಳು. ಸಂಜೆ ತಮ್ಮನ ಕೋಣೆಗೆ ಬಂದಾಗ ಅವಳ ದನಿಯಲ್ಲಿ ಕಸುವಿರಲಿಲ್ಲ. ಏಳರಲ್ಲಿ ಐವರು ಬಿದ್ದಿದ್ದರು. ಅಂದರೆ ಸೇರಿದ ಹತ್ತೊಂಬತ್ತು ಜನರಲ್ಲಿ ಬಿದ್ದವರು ಆರು.

"ಮೂರರಲ್ಲಿ ಒಂದು ಪಾಲು," ಎಂದ ತಮ್ಮ. "ಅರ್ಧಕ್ಕಿಂತ ಕಡಿಮೇನೇ. ನಿನ್ನ ವ್ಯಾಯಾಮ ದಂಡ ಅಂತ ಇದರ ಅರ್ಥ ಅಲ್ಲ."

"ಸಮಾಧಾನ ಮಾಡ್ಬೇಡ, ಲೆಕ್ಕ ಹೇಳು."

ಹತ್ತೊಂಬತ್ತು ಜನರನ್ನು ನೆಚ್ಚಿ ಕೂರುವಂತಿಲ್ಲವೆಂದು ಅವನು ತುಸು ಹಿಂದೆ ಸರಿದು, ತರಗತಿಗೆ ಸೇರಿದವರಲ್ಲಿ ಬೀಳುವವರು ನೂರಕ್ಕೆ ಮೂವತ್ತೈದು ಎಂದು ಇಟ್ಟುಕೊಂಡ. ವ್ಯತ್ಯಾಸ ಚಿಕ್ಕದಾದಷ್ಟೂ ಅದನ್ನು ಕಾಣಲು ಹೆಚ್ಚು ಜನ ಬೇಕು; ಮುನ್ನೂರ ಮೂವತ್ತು ಬಂತು. ಬಿಟ್ಟುಹೋಗುವವರನ್ನು ಸೇರಿಸಿ ಮುನ್ನೂರ ಎಪ್ಪತ್ತು.

"ನನ್ನ ಹಾಲಲ್ಲಿ ಮುನ್ನೂರ ಎಪ್ಪತ್ತು ಜನಾನ ಒಬ್ಬರ ಮೇಲೊಬ್ಬರು ಜೋಡಿಸಿಡಲಾ? ಹಳೇ ಲೆಕ್ಕಾನೇ ಕೊಡು. ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ. ಆದ್ರೆ ನಲವತ್ತು ಜನರಲ್ಲಿ ಮಾಡಿದ್ರೆ, ವ್ಯಾಯಾಮ ನಿಜವಾಗ್ಲೂ ಕೆಲಸ ಮಾಡ್ತಿದ್ರೂ ಅದು ನಮಗೆ ಕಾಣೋ ಸಾಧ್ಯತೆ ಆರರಲ್ಲಿ ಒಂದು. ಮಿಕ್ಕ ಐದು ಸಲ ಉಪಯೋಗ ಕಾಣಲಿಲ್ಲ ಅಂತ ವರದಿ ಬರುತ್ತೆ. ಮುಖ್ಯ ವೈದ್ಯರು ಅದನ್ನ ಉಪಯೋಗವೇ ಇಲ್ಲ ಅಂತ ಓದ್ಕೋತಾರೆ."

ಅಕ್ಕ ಕಿಟಕಿಯನ್ನು ಎಳೆದು ಮುಚ್ಚಲು ನೋಡಿದಳು. ಅದು ಮುಚ್ಚಲಿಲ್ಲ.

"ಬೀಳೋದರ ಬದಲು, ಒಂಟಿಕಾಲಲ್ಲಿ ಎಷ್ಟು ಹೊತ್ತು ನಿಲ್ತಾರೆ ಅಂತ ಅಳೆದರೆ ಕಡಿಮೆ ಜನ ಸಾಕು," ಎಂದ ಅವನು. "ಅದೊಂದು ದಾರಿ ಇದೆ."

"ಒಂಟಿಕಾಲಲ್ಲಿ ನಿಲ್ಲೋದು ಕಲೀಬೇಕು ಅಂತ ಯಾರೂ ನನ್ನ ಹತ್ರ ಬರಲ್ಲ ಕಣೋ. ಸೊಂಟ ಮುರ್ಕೋಬಾರದು ಅಂತ ಬರ್ತಾರೆ." ಆಮೇಲೆ, ಬಾಗಿಲಿನ ಹತ್ತಿರ ನಿಂತು, "ನೀನು ನನ್ನ ತಮ್ಮನೋ, ಸ್ಕ್ಯಾನಿಂಗ್‌ನವರ ವಕೀಲನೋ?" ಎಂದಳು.

ವಾರವಿಡೀ ಅವಳು ಮಾತಾಡಲಿಲ್ಲ. ಊಟದ ಕೋಣೆಯಲ್ಲಿ ಎದುರಾದರೆ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋಗುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಸಹಿ ಹಾಕುತ್ತಿದ್ದೆನೇ ಎಂದು ಅವನು ತನ್ನನ್ನೇ ಕೇಳಿಕೊಂಡ. ಹಿಂದೆ ಹಾಕಿದ ಕೆಲವು ಸಹಿಗಳು ನೆನಪಾದವು. ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟ.

ಅವಳು ಮುಖ್ಯ ವೈದ್ಯರ ಬಳಿ ಒಬ್ಬಳೇ ಹೋಗಿ ಬಂದ ಸುದ್ದಿ ಅವನಿಗೆ ಮುಂದಿನ ವಾರ ಊಟದ ಕೋಣೆಯಲ್ಲಿ ಅವಳಿಂದಲೇ ತಿಳಿಯಿತು. ನಲವತ್ತು ಜನರಿಂದ ಏನೂ ಗೊತ್ತಾಗುವುದಿಲ್ಲ ಎಂದು ಅವಳೇ ಹೇಳಿದ್ದಳು. ಬಿದ್ದು ಬಿಟ್ಟುಹೋದವರ ವಿಷಯವನ್ನೂ ಮುಚ್ಚಿಡಲಿಲ್ಲ. ಇನ್ನೂ ಮೂರು ಆಸ್ಪತ್ರೆಗಳನ್ನು ಸೇರಿಸಿಕೊಂಡು ಅಧ್ಯಯನವನ್ನು ನಾಲ್ಕು ವರ್ಷ ನಡೆಸಲು ಮುಖ್ಯ ವೈದ್ಯರು ಒಪ್ಪಿದ್ದರು. ಹಾಲು ಅಲ್ಲಿಯವರೆಗೆ ಅವಳದೇ.

"ಆದ್ರೆ ಈಗಿನ ತರಗತಿ?" ಎಂದು ಅವಳು ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು.

"ನಿಲ್ಲಿಸ್ಬೇಕು. ಬಾಗಿಲು ತೆಗೆದಿಟ್ರೆ ವ್ಯಾಯಾಮ ಕಲಿಸದ ಗುಂಪಿನವರೂ ಬಂದು ಕಲೀತಾರೆ. ಆಮೇಲೆ ಎರಡು ಗುಂಪಿಗೂ ವ್ಯತ್ಯಾಸವೇ ಇರಲ್ಲ."

"ನಾಲ್ಕು ವರ್ಷ ಆದ್ಮೇಲೆ ಉಪಯೋಗ ಇಲ್ಲ ಅಂತ ಬಂದ್ರೆ?"

"ಆಗ ಆ ಮಾತನ್ನ ನಂಬಬಹುದು."

"ಒಳ್ಳೇ ಸಮಾಧಾನ ಹೇಳ್ತೀಯಪ್ಪ," ಎಂದಳು. ಆದರೆ ಕುರ್ಚಿ ಎಳೆದುಕೊಂಡು ಅವನ ಎದುರೇ ಕೂತು ಊಟ ಮಾಡಿದಳು.

ತರಗತಿಯವರಿಗೆ ಅವಳು ಸುತ್ತಿಬಳಸದೆ ಹೇಳಿದಳು. ತಮ್ಮ ಬಾಗಿಲ ಬಳಿ ನಿಂತಿದ್ದ. ಯಾರಾದರೂ ಲೆಕ್ಕ ಕೇಳಿದರೆ ಇರಲಿ ಎಂದು ಅವಳೇ ಕರೆಸಿದ್ದಳು. ಯಾರೂ ಲೆಕ್ಕ ಕೇಳಲಿಲ್ಲ. ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಕೊಕ್ಕರೆ ಮಾತ್ರ ಕೈಯೆತ್ತಿದರು.

"ಮನೇಲಿ ಮಾಡ್ಕೋಬಹುದಲ್ವೇನಮ್ಮ?"

"ನೀವು ಮಾಡ್ಕೊಳ್ಳಿ. ನೀವು ಅಧ್ಯಯನದಲ್ಲಿ ಇಲ್ಲ. ಬೇರೆಯವರಿಗೆ ಮಾತ್ರ ಹೇಳ್ಕೊಡಬೇಡಿ."

"ನಮ್ಮ ಪಕ್ಕದ ಮನೆಯಾಕೆ ಮೊನ್ನೆ ಎರಡು ಸಲ ಮುಗ್ಗರಿಸಿದಳು. ದಿನಾ ಕೇಳ್ತಾಳೆ. ಅವಳಿಗೇನು ಹೇಳ್ಲಿ?"

ಅಕ್ಕ ತಮ್ಮನ ಕಡೆ ನೋಡಿದಳು. ಅವನು ಬಾಯಿ ತೆರೆಯುವ ಮೊದಲೇ ಅವರ ಕಡೆ ತಿರುಗಿದಳು.

"ಹೆಸರು ಬರೆಸೋಕೆ ಹೇಳಿ," ಎಂದಳು. "ಚೀಟೀಲಿ ಯಾವ ಗುಂಪು ಬರುತ್ತೋ, ನೋಡೋಣ."